ಆಯೋಗದಲ್ಲಿ ಯಾರು ಕೂರಬೇಕು

ನಮ್ಮ ಯಜಮಾನರು ವಿದ್ಯುತ್ ಕಂಪನಿಯಿಂದ ನಿವೃತ್ತರಾದ ವರ್ಷವೇ ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗದಲ್ಲಿ ಒಬ್ಬ ಸದಸ್ಯರ ಜಾಗ ಖಾಲಿಯಾಗುವುದಿತ್ತು. ಕರೆಂಟಿನ ದರ ಎಷ್ಟಿರಬೇಕೆಂದು ತೀರ್ಮಾನಿಸುವ ಆಯೋಗ ಅದು. ಇವರ ಜೊತೆ ಕೆಲಸ ಮಾಡಿದ ಎಂಜಿನಿಯರುಗಳು ತೆಲುಗು ಸೀಮೆಯ ಕುಷಾಯಿಗೂಡದಲ್ಲಿರುವ ನಮ್ಮ ಮನೆಗೇ ಬಂದು, ಅರ್ಜಿ ಹಾಕಿ ಎಂದು ದುಂಬಾಲು ಬಿದ್ದರು. ನನಗೂ ಆಸೆಯಿತ್ತು. ಕಲಬುರಗಿಗೆ ಫೋನ್ ಮಾಡಿ ತವರಿನವರಿಗೆಲ್ಲ ಆಗಲೇ ಹೇಳಿಬಿಟ್ಟಿದ್ದೆ.

ಅದೇ ದಿನಗಳಲ್ಲಿ ಬಳಕೆದಾರರ ಸಂಘವೊಂದು ಉಪ್ಪಲ್‌ನಲ್ಲಿ ಸಭೆ ಕರೆಯಿತು. ಆಯೋಗಕ್ಕೆ ಎಂಥವರನ್ನು ನೇಮಿಸಬೇಕು, ಅದಕ್ಕೆ ನಿಯಮ ಹೇಗೆ ಬದಲಾಗಬೇಕು ಎಂದು ಚರ್ಚಿಸಿ ಸರ್ಕಾರಕ್ಕೆ ಬರೆಯುವುದು ಅವರ ಉದ್ದೇಶ. ಇವರನ್ನೂ ಮಾತಿಗೆ ಕರೆದಿದ್ದರು. ಒಳ್ಳೆಯ ಸೀರೆ ಉಟ್ಟು ನಾನೂ ಹೊರಟೆ, ಮುಂದಿನ ಸಾಲಿನಲ್ಲೇ ಕೂತೆ.

ಇವರು ಎದ್ದು ನಿಂತು, ತಮ್ಮ ಎಂದಿನ ಮೆಲುದನಿಯ ತೆಲುಗಿನಲ್ಲಿ, ಆಯೋಗದ ತುಂಬ ತಮ್ಮಂಥ ಕಂಪನಿಯವರೇ ಕೂರುವುದು ಬೇಡ ಎಂದರು. ಬಳಕೆದಾರರ ಪರವಾಗಿ ದುಡಿದ ಒಬ್ಬರಿಗಾದರೂ ಅಲ್ಲಿ ಜಾಗ ಇರಲೇಬೇಕಂತೆ. ಚಪ್ಪಾಳೆ ಬಿತ್ತು. ಸಭೆಗೆ ಬಂದಿದ್ದ ಎಂಜಿನಿಯರುಗಳು ಮುಖ ಮುಖ ನೋಡಿಕೊಂಡರು. ನಾನು ಚಪ್ಪಾಳೆ ತಟ್ಟಲಿಲ್ಲ.

ಮನೆಗೆ ಬರುವಾಗ ಆಟೋದಲ್ಲಿ ಕೇಳಿಯೇಬಿಟ್ಟೆ. "ಏನ್ರಿ ಇದು? ಮನ್ಯಾಗ ಒಂದ್ ಮಾತ್ ಹೇಳಬಾರದಿತ್ತೇನು?"

"ಹೇಳಿದ್ರ ನೀ ಬಿಡ್ತಿದ್ದಿಲ್ಲ" ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿ ಹೇಳಿದರು: "ನಾ ಅಲ್ಲಿ ಕುಂತ್ರ ಎದುರಿಗೆ ಬಂದು ಕಂಪನಿ ಲೆಕ್ಕ ಕೊಡೋರು ನನ್ನ ಜೋಡಿ ಚಾ ಕುಡದವ್ರೇ. ಅವ್ರ ಅರ್ಧ ಮಾತಿಗೇ ಹೂಂ ಅಂದ್‌ಬಿಡ್ತೀನಿ. ನನ್ನ ಸ್ವಭಾವ ನಿನಗ ಗೊತ್ತೈತಲ್ಲ."

ಗೊತ್ತಿತ್ತು. ಹಳೆಯ ಸ್ನೇಹಿತರಿಗೆ ಇವರು ಇಲ್ಲವೆಂದು ಹೇಳಿದ್ದನ್ನು ಮದುವೆಯಾದಾಗಿನಿಂದ ನಾನು ಕಂಡಿಲ್ಲ. "ಹಂಗಾರ ತವರಮನೀಗೆ ಏನಂತ ಹೇಳ್ಲಿ?" ಎಂದೆ.

"ಕುರ್ಚಿ ಸಣ್ಣದಾತು, ಇವ್ರ ಹೊಟ್ಟಿ ಹಿಡಿಸ್ಲಿಲ್ಲ ಅಂತ ಹೇಳು."

ಸಿಟ್ಟಿನಲ್ಲಿದ್ದ ನನಗೂ ನಗು ತಡೆಯಲಾಗಲಿಲ್ಲ.

ಇವರು ಅರ್ಜಿ ಹಾಕಲಿಲ್ಲ, ಆ ಜಾಗ ಬೇರೆಯವರಿಗೆ ಹೋಯಿತು. ಸಂಘದವರು ಸರ್ಕಾರಕ್ಕೆ ಬರೆದದ್ದಾಯಿತು, ನಿಯಮ ಇನ್ನೂ ಬದಲಾಗಿಲ್ಲ. ಇವರು ಮಾತ್ರ ಸುಮ್ಮನೆ ಕೂರಲಿಲ್ಲ. ದರದ ಬಗ್ಗೆ ಬಹಿರಂಗ ವಿಚಾರಣೆ ಹತ್ತಿರ ಬಂದರೆ ನಾಚಾರಂನ ಸಣ್ಣ ಕಾರ್ಖಾನೆಯವರು ನಮ್ಮ ಮನೆಗೆ ಬರುತ್ತಾರೆ. ಆಯೋಗದ ಮುಂದೆ ಏನು ಕೇಳಬೇಕು, ಹೇಗೆ ಕೇಳಬೇಕು ಎಂದು ಇವರು ಹೇಳಿಕೊಡುತ್ತಾರೆ. ಕಳೆದ ಸಲ ಮನೆಯಲ್ಲೇ ಅಭ್ಯಾಸ ನಡೆಯಿತು; ಕೇಳುವವರ ಪಾತ್ರ ಕಾರ್ಖಾನೆಯವರದು, ಆಯೋಗದ ಸದಸ್ಯರ ಪಾತ್ರ ಇವರದು. ಇವರು ದನಿ ಏರಿಸಿ ಗದರಿಸುತ್ತಿದ್ದುದನ್ನು ಅಡುಗೆಮನೆಯ ಬಾಗಿಲಲ್ಲಿ ನಿಂತು ಪೂರ್ತಿ ನೋಡಿದೆ. ಚಾ ಕುದಿದು ಉಕ್ಕಿದ್ದು ಆಮೇಲೆ ಗೊತ್ತಾಯಿತು.