ಐದು ಕಡಲೆಕಾಯಿ, ಐದೇ ಕೈ

ಬೆಳಗಿನ ಐದೂವರೆ. ಮಡಕಶಿರಾದ ಬೋಧನಾ ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ಆಯಾ ಉಜ್ಜಿನಮ್ಮ ಮಂಚದಿಂದ ಮಂಚಕ್ಕೆ ಕಡಲೆಕಾಯಿ ಹಂಚುತ್ತಿದ್ದಾರೆ. ತಲೆಗೆ ಐದು. ತಿನ್ನಲಿಕ್ಕಲ್ಲ! ಒಂಬತ್ತಕ್ಕೆ ವೈದ್ಯ ವಿದ್ಯಾರ್ಥಿಗಳು ಪಾಠಕ್ಕೆ ಬರುತ್ತಾರೆ. ಮೈ ಮುಟ್ಟುವ ಮೊದಲು ಪ್ರತಿಯೊಬ್ಬರೂ ರೋಗಿಯನ್ನು ಕೇಳಿ ಒಂದು ಕಾಯಿ ಪಡೆಯಬೇಕು. ಕಾಯಿ ಮುಗಿದರೆ ಆ ಮಂಚದ ಪಾಠವೂ ಮುಗಿಯಿತು.

ಹನ್ನೊಂದನೇ ಮಂಚದ ರಂಗಕ್ಕ ಕೈ ಚಾಚುತ್ತಿಲ್ಲ. ರೊಳ್ಳ ಊರಿನ ಕೂಲಿ ಹೆಂಗಸು. ಎಡ ಪಕ್ಕೆಲುಬಿನಡಿ ಇರಬೇಕಾದ ಗುಲ್ಮ ಊದಿ ಹೊಕ್ಕುಳವರೆಗೆ ಇಳಿದಿದೆ. ಕಾರಣ ತಿಳಿಯಲು ನಾಳೆ ಮೂಳೆಯ ಮಜ್ಜೆ ತೆಗೆದು ನೋಡಬೇಕು. ರಂಗಕ್ಕನೋ ಗಂಟು ಕಟ್ಟಿಕೊಂಡು ಕೂತಿದ್ದಾರೆ.

"ನೆನ್ನೆ ನೀನು ಮಂಡಿ ನೋವು ಅಂತ ರಜ ಆಕ್ದೆ. ಹದ್ನಾಲ್ಕು ಜನ ಅಮುಕಿದ್ರು ಕಣಕ್ಕ. ನಾನು ಊರಿಗೋಗ್ತೀನಿ."

"ಇವತ್ತು ನಾನಿದೀನಲ್ಲ. ಕಾಯಿ ಇಟ್ಕ. ಕೊಡೋದೂ ಬಿಡೋದೂ ನಿಂದೇ."

ಅಮರಾಪುರದ ಉಜ್ಜಿನಮ್ಮನಿಗೆ ಇದು ಹತ್ತೊಂಬತ್ತನೇ ವರ್ಷ. ಮೊದಲ ಬಸ್ಸು ಹತ್ತಿ ಬರುತ್ತಾರೆ. ನಲವತ್ತೆರಡು ಮಂಚ, ಎರಡು ಸಲ ನೆಲ ಒರೆಸುವುದು, ಲೆಕ್ಕವಿಲ್ಲದಷ್ಟು ಬೆಡ್‌ಪ್ಯಾನು. ಮಂಡಿ ನೋವು ಬೇರೆ. ಈ ಕಡಲೆಕಾಯಿ ಕೆಲಸವನ್ನು ಯಾರೂ ಹೇಳಿದ್ದಲ್ಲ. ಮೂರು ವರ್ಷದ ಹಿಂದೆ ಗಂಡಸರ ವಾರ್ಡಿನಲ್ಲಿ ಕಣೇಕಲ್ಲಿನ ಸುಂಕಪ್ಪನ ಹೊಟ್ಟೆಯನ್ನು ಒಂದೇ ಬೆಳಗ್ಗೆ ಇಪ್ಪತ್ತೆರಡು ಮಂದಿ ಒತ್ತಿ ನೋಡಿದರು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಸಂಜೆಯ ಟೀ ಬರುವಷ್ಟರಲ್ಲಿ ಮಂಚ ಖಾಲಿಯಾಗಿತ್ತು. ಆರು ತಿಂಗಳಿಗೆ ಸಾವಿನ ಸುದ್ದಿ ಬಂತು. ಕಾಯಿ ಹಂಚುವುದು ಶುರುವಾದದ್ದು ಅಂದಿನಿಂದ.

"ವಾಸಿಯಾಗೋ ಕಾಯ್ಲೆ. ನಾವೇ ಓಡ್ಸಿದ್ವಿ," ಎನ್ನುವಾಗ ಉಜ್ಜಿನಮ್ಮನ ಕಣ್ಣು ತುಂಬುತ್ತದೆ.

ಗುಲ್ಮದ ಕಾಯಿಲೆಗಳ ಮೇಲೆ ಸಂಶೋಧನೆ ನಡೆಸುತ್ತಿರುವ ಪ್ರೊಫೆಸರ್ ಸಿದ್ದರಾಮೇಶ್ ಮೊದಮೊದಲು ನಕ್ಕಿದ್ದರಂತೆ; ಆಮೇಲೆ ಅವರೇ ಇದನ್ನು ವಿದ್ಯಾರ್ಥಿಗಳಿಗೆ ನಿಯಮ ಮಾಡಿದರು. ಅವರ ಪಟ್ಟಿಯ ರೋಗಿಗಳು ಅರ್ಧಕ್ಕೇ ಬಿಟ್ಟು ಹೋಗುವುದು ಈಗ ಕಡಿಮೆಯಾಗಿದೆ. "ಕೇಳಿ ಮುಟ್ರಿ ಅಂತ ನಾವೂ ಹೇಳ್ತಿದ್ವಿ. ಯಾರು ಕೇಳ್ತಿದ್ರು? ಈಗ ಕೇಳದೆ ಗತಿ ಇಲ್ಲ," ಎನ್ನುತ್ತಾರೆ.

ಒಂಬತ್ತು ಗಂಟೆ ದಾಟಿದೆ. ರಂಗಕ್ಕ ಮೂರು ಕಾಯಿ ಕೊಟ್ಟಾಯಿತು. ನಾಲ್ಕನೆಯ ವಿದ್ಯಾರ್ಥಿ ಕಿರಣ್‌ಕುಮಾರ್ ಕೇಳದೆಯೇ ಕೈ ಇಡಲು ಹೋಗುತ್ತಾನೆ. ರಂಗಕ್ಕ ಮುಷ್ಟಿ ಬಿಗಿಹಿಡಿಯುತ್ತಾರೆ. ಹುಡುಗ ಕೆಂಪಗಾಗಿ, "ಅಮ್ಮಾ, ನೋಡ್ಲಾ?" ಎನ್ನುತ್ತಾನೆ. ಅವರು ಅವನ ಮುಖವನ್ನೇ ದಿಟ್ಟಿಸಿ, ಒಂದು ಕಾಯಿ ಕೊಡುತ್ತಾರೆ. ಐದನೆಯದನ್ನು ತಾವೇ ಸುಲಿದು ಬಾಯಿಗೆ ಹಾಕಿಕೊಳ್ಳುತ್ತಾರೆ! ವಾರ್ಡಿಗೆ ವಾರ್ಡೇ ನಗುತ್ತದೆ.

ಆಮೇಲೆ ರಂಗಕ್ಕ ಉಜ್ಜಿನಮ್ಮನನ್ನು ಮೆಲ್ಲಗೆ ಕೇಳುತ್ತಾರೆ: "ನಾಳೆ ಮೂಳೆಗೆ ಚುಚ್ಚೋದು ಎಷ್ಟೊತ್ಗೆ? ನೀನಿರ್ತೀಯ ತಾನೆ?"

ನಾಳೆ ಉಜ್ಜಿನಮ್ಮನ ವಾರದ ರಜೆ.

"ಇರ್ದೆ ಎಲ್ಲಿಗೋಗ್ಲಿ?" ಎನ್ನುತ್ತಾರೆ ಅವರು.