ಎಡಗೈಯ ತೊಟ್ಟಿಲು

ಮೈಸೂರಿನ ಕಾಲೇಜಿನಲ್ಲಿ ನನಗೆ ದೇಶದ ಚರಿತ್ರೆಯ ಜೊತೆಗೆ ಕಲೆಯ ಚರಿತ್ರೆಯೂ ಇತ್ತು. ಮೊದಲನೆಯದರಲ್ಲಿ ಬರೀ ರಾಜರು, ಯುದ್ಧಗಳು. ಉರು ಹೊಡೆದರೆ ಮುಗಿಯಿತು. ಎರಡನೆಯದರಲ್ಲಿ ಮೇಷ್ಟರು ಗುಡಿಗೋಡೆಯ ಶಿಲಾಬಾಲಿಕೆಯರ ಪಟ ಹಿಡಿದು, ‘ಸುಮ್ಮನೆ ನೋಡ್ರಯ್ಯಾ, ಬಳೆಯಿಂದ ಶುರು ಮಾಡಿ’ ಎನ್ನುತ್ತಿದ್ದರು. ನೋಡುವುದೂ ಒಂದು ಓದು ಎಂದು ಗೊತ್ತಾದದ್ದು ಅಲ್ಲಿ. ಆ ಹುಚ್ಚು ನನ್ನ ತಲೆಗೇರಿತು.

ಆದರೆ ಕಟ್ಟಿಕೊಂಡ ಹೆಂಡತಿಯನ್ನೇ ನಾನು ನೆಟ್ಟಗೆ ನೋಡಿರಲಿಲ್ಲ. ಬೆಟ್ಟದಪುರದ ನಮ್ಮ ತುಂಬುಮನೆಯಲ್ಲಿ ಹಿರಿಯರೆದುರು ಗಂಡ ಹೆಂಡತಿ ಹಗಲಲ್ಲಿ ಮಾತಾಡುವಂತಿರಲಿಲ್ಲ. ನಾನು ಜಗಲಿ, ಅವಳು ಒಳಮನೆ. ದೀಪದ ಬೆಳಕಿನಲ್ಲಿ ಕಂಡಷ್ಟೇ ನನ್ನ ಪಾಲಿಗೆ. ಆ ಮರ್ಯಾದೆಗೆ ಬೆಂಕಿ ಬೀಳಲಿ ಎಂದು ಇವತ್ತಿಗೂ ಅನ್ನಿಸುತ್ತದೆ.

ಚೊಚ್ಚಲ ಬಸಿರು. ಏಳು ತುಂಬಿದಾಗ ಅವಳನ್ನು ಭೇರ್ಯದ ತವರಿಗೆ ಬಿಡಲು ಎತ್ತಿನ ಗಾಡಿಯಲ್ಲಿ ನಾನೇ ಹೋದೆ. ಗಾಡಿ ಹೊಡೆಯುವ ಆಳು ಮುಂದಕ್ಕೆ ನೋಡುತ್ತಿದ್ದ. ನಮಗೆ ಒಂದಿಡೀ ಹಗಲು ಸಿಕ್ಕಿತು. ನಾನೋ, ಪೆದ್ದ, ಅವಳನ್ನು ನೋಡುವುದು ಬಿಟ್ಟು ಶಿಲಾಬಾಲಿಕೆಯರ ಕಡಗ, ತೋಳಬಂದಿ, ಕಾಲಂದುಗೆ ಎಂದು ಹೇಳುತ್ತಲೇ ಹೋದೆ. ಅವಳು ಕೇಳಿದಳು:

‘ಅವ್ಳ ಕೈಲಿ ಹಚ್ಚೆ ಐತಾ?’

‘ಕಲ್ಲಿಗೆ ಯಾವ ಹಚ್ಚೆಯೇ?’

‘ಅಂಗಾರೆ ಬಡವಿ ಬುಡಿ, ಪಾಪ. ಒಡವೆ ಎಲ್ಲಾ ಇಲ್ಲೇ ಉಳೀತದೆ ಕಣ್ರೀ. ಸತ್ರೆ ಜೊತೇಲಿ ಬರೋದು ಹಚ್ಚೆ ಒಂದೇ.’

ನಮ್ಮ ಕಡೆ ಹೆಂಗಸರೆಲ್ಲ ಆಡುವ ಮಾತೇ ಅದು. ನಗುತ್ತಾ ಹೇಳಿದಳು. ತವರಿನಲ್ಲಿ ಕೊರವಂಜಿಯನ್ನು ಕರೆಸಿ ಕೈಗೆ ತೊಟ್ಟಿಲ ಹಚ್ಚೆ ಹಾಕಿಸಿಕೊಳ್ಳುತ್ತಾಳಂತೆ. ಪರೀಕ್ಷೆ ಮುಗಿಸಿ ಬಂದ ನಾನು ಹಗಲಲ್ಲೇ ಅವಳೆದುರು ಕೂತು ಅದನ್ನು ಕಾಗದಕ್ಕೆ ಇಳಿಸಬೇಕಂತೆ. ‘ನಿಮ್ಮ ಮೇಷ್ಟ್ರಿಗೂ ತೋರ್ಸಿ’ ಎಂದಳು. ಆಗಲಿ ಎಂದೆ.

ಹೆರಿಗೆ ಕಷ್ಟವಾಗಿದೆ ಎಂದು ಅದೇ ಆಳು ಮೈಸೂರಿಗೆ ಬಂದಾಗ ನಾನು ದೇಶದ ಚರಿತ್ರೆಯ ಪರೀಕ್ಷೆ ಬರೆದು ಆಗಷ್ಟೇ ಹೊರಗೆ ಬಂದಿದ್ದೆ. ಕೃಷ್ಣರಾಜನಗರದ ತನಕ ರೈಲು, ಅಲ್ಲಿಂದ ಗಾಡಿ. ನಾನು ಮುಟ್ಟುವ ಹೊತ್ತಿಗೆ ಹೊಲದ ಬದಿಯಲ್ಲಿ ಹಸಿ ಮಣ್ಣಿನ ಗುಡ್ಡೆ. ನಮ್ಮಲ್ಲಿ ಸುಡುವುದಿಲ್ಲ, ವಿಭೂತಿ ಇಟ್ಟು, ಕೂರಿಸಿ, ಮಣ್ಣು ಮಾಡುತ್ತಾರೆ. ಮಗುವೂ ಉಳಿದಿರಲಿಲ್ಲ. ಅದನ್ನು ಅವಳ ಮಡಿಲಿಗೇ ಇಟ್ಟರಂತೆ.

ಕಲೆಯ ಚರಿತ್ರೆಯ ಪರೀಕ್ಷೆಗೆ ಮರುವರ್ಷ ಕೂತೆ. ಶಿಲಾಬಾಲಿಕೆಯೊಬ್ಬಳನ್ನು ವರ್ಣಿಸಿ ಎಂದಿತ್ತು. ಬೆರಳಿನ ಉಂಗುರವನ್ನೂ ಬಿಡದೆ ಬರೆದೆ. ಮೇಷ್ಟರು ಬೆನ್ನು ತಟ್ಟಿದರು. ಹೆಂಡತಿಯ ಮುಖ ಹೇಗಿತ್ತು ಎಂದು ಕೇಳಿದ್ದರೆ ನನ್ನಿಂದ ಒಂದು ಸಾಲೂ ಆಗುತ್ತಿರಲಿಲ್ಲ.

ಹಚ್ಚೆಯನ್ನಾದರೂ ಬರೆದಿಟ್ಟುಕೊಳ್ಳೋಣ ಎಂದು ಕಾಗದ, ಪೆನ್ಸಿಲು ಹಿಡಿದು ಭೇರ್ಯಕ್ಕೆ ಹೋದೆ. ಹೇಗಿತ್ತು ಎಂದು ಅತ್ತೆಯನ್ನು ಕೇಳಿದೆ. ಅವರು ತಮ್ಮ ಎಡಗೈಯನ್ನು ಸವರಿಕೊಂಡರು.

‘ಇಲ್ಲಿತ್ತು ಕಣಪ್ಪಾ ತೊಟ್ಲು. ಎಂಗಿತ್ತು ಅಂತ ಏನ್ ಏಳ್ಲಿ? ಮೊದ್ಲು ನಿಮ್ಗೇ ತೋರಿಸ್ಬೇಕು ಅಂತ ಸೆರಗು ಮುಚ್ಕೊಂಡೇ ಓಡಾಡೋಳು. ಕಡೇ ಸ್ನಾನ ಮಾಡ್ಸೋವಾಗ್ಲೇ ನಾವೂ ನೋಡಿದ್ದು.’