ಯಾರ ಮನೆಗೂ ಅಲ್ಲ

ನನ್ನ ಅಕ್ಕನಿಗೆ ಬಸ್ಸಿನ ಮಾಳಿಗೆ ಮೇಲೆ ಕೂರುವ ಆಸೆಯಿತ್ತು. ಬೆಂಗಳೂರಿನಲ್ಲಿ ಎರಡು ಅಂತಸ್ತಿನ ಬಸ್ಸು ಓಡಾಡುತ್ತದೆ, ಒಳಗೇ ಮೆಟ್ಟಿಲಿದೆ, ಮೇಲೆ ಕೂತರೆ ರಸ್ತೆ ಬದಿಯ ಮರದ ಕೊಂಬೆ ಕೈಗೆ ಸಿಗುತ್ತದೆ ಎಂದು ಯಾರೋ ಅವಳಿಗೆ ಹೇಳಿದ್ದರು. ಯಾರು ಹೇಳಿದ್ದೆಂದು ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಅವಳಿಗೆ ನಲವತ್ತೆರಡು, ನನಗೆ ಮೂವತ್ತಮೂರು. ತವರು ನ್ಯಾಮತಿ. ಅವಳನ್ನು ಜಗಳೂರಿಗೆ ಕೊಟ್ಟಿದ್ದರು, ನನ್ನನ್ನು ಚನ್ನಗಿರಿಗೆ.

ಅವ್ವ ತೀರಿಕೊಂಡಾಗ ನನಗೆ ಐದು ವರ್ಷ. ನನಗೆ ಜಡೆ ಹಾಕಿದ್ದು, ಬೈದದ್ದು, ಶಾಲೆಗೆ ಅಟ್ಟಿದ್ದು ಎಲ್ಲ ಅಕ್ಕನೇ. ಮದುವೆಯಾದ ಮೇಲೂ ನ್ಯಾಮತಿಗೆ ಬಂದು ನನ್ನ ಎರಡು ಬಾಣಂತನ ಮಾಡಿದಳು. ಎರಡನೆಯದು ಮುಗಿಸಿ ಹೊನ್ನಾಳಿ ಬಸ್ಸಿಗೆ ಕಾಯುತ್ತ ನಿಂತಾಗ ಅವಳು ಆಡಿದ ಮಾತು ಇದು: "ಒಂದೇ ಒಂದು ಸಾರಿ, ಕೈಯಾಗೆ ಕುಬುಸ ಇಲ್ದೆ ಒಂದೂರಿಗೆ ಹೋಗಬೇಕು ಅನ್ನಿಸ್ತೈತೆ ನೋಡು."

ನಮ್ಮ ಕಡೆ ಹೆಂಗಸರು ಯಾರ ಮನೆಗೆ ಹೋದರೂ ಒಂದು ಕುಬುಸದ ಬಟ್ಟೆ ಒಯ್ಯುತ್ತಾರೆ, ಬರುವಾಗ ಇನ್ನೊಂದು ತರುತ್ತಾರೆ. ಅದೇ ಬಟ್ಟೆ ಹತ್ತು ಮನೆ ತಿರುಗಿ ಮಡಿಕೆ ಬಿಚ್ಚದೆ ನಮ್ಮ ಮನೆಗೇ ವಾಪಸ್ಸು ಬರುವುದೂ ಉಂಟು. ಅದನ್ನು ಹೊಲಿಸಿಕೊಂಡವರನ್ನು ನಾನಂತೂ ಕಂಡಿರಲಿಲ್ಲ. ಅಕ್ಕ ಹೊನ್ನಾಳಿಗೆ ಹೋಗಿದ್ದರೆ ಚಿಕ್ಕಪ್ಪನ ಮಗನ ಮದುವೆಗೆ, ಬಸವಾಪಟ್ಟಣಕ್ಕೆ ಹೋಗಿದ್ದರೆ ಸೋದರತ್ತೆಯ ಮಣ್ಣಿಗೆ. ಹುಟ್ಟು, ಮದುವೆ, ಸಾವು ಇಲ್ಲದೆ ಅವಳು ಒಂದು ಬಸ್ಸನ್ನೂ ಹತ್ತಿರಲಿಲ್ಲ. ಅವಳನ್ನು ಸುಮ್ಮನೆ ಒಂದೂರಿಗೆ ಕರೆದುಕೊಂಡು ಹೋಗಲೇಬೇಕು ಎಂದು ಅವತ್ತೇ ತೀರ್ಮಾನ ಮಾಡಿದೆ. ತೀರ್ಮಾನ ಮಾಡಿದಷ್ಟು ಸಲೀಸಾಗಿ ಮಿಕ್ಕದ್ದು ಆಗಲಿಲ್ಲ.

ಪುಷ್ಯ ಮಾಸವೇ ಸರಿ ಎನಿಸಿತು. ಆಗ ಮದುವೆ ಇಲ್ಲ, ತೊಟ್ಟಿಲಿಲ್ಲ, ಯಾರೂ ನಮ್ಮನ್ನು ಕರೆಯುವುದಿಲ್ಲ. ಮಗನ ನೋಟ್‌ಬುಕ್ಕಿನ ಕೊನೆಯ ಹಾಳೆ ಹರಿದುಕೊಂಡು ಬೆಂಗಳೂರಿಗೆ ಹೋಗುವ ಬಸ್ಸುಗಳ ಹೊತ್ತು ಬರೆಯಲು ಕೂತೆ. ನಮ್ಮವರ ಕಿರಾಣಿ ಅಂಗಡಿಗೆ ಬರುತ್ತಿದ್ದ ಕಂಡಕ್ಟರು ಸಂತೆಬೆನ್ನೂರಿನ ಮೇಲೆ ದಾವಣಗೆರೆಗೆ ಹೋಗಿ ಎಂದರು. ಪಕ್ಕದ ಮನೆಯ ಮೇಷ್ಟ್ರು, ಅದು ಹಿಂದಕ್ಕೆ ಹೋಗಿ ಮುಂದಕ್ಕೆ ಬಂದಂತೆ, ಹೊಳಲ್ಕೆರೆ ಮೇಲೆ ದುರ್ಗಕ್ಕೆ ಹೋಗಿ ಎಂದರು. ಹಾಲು ಕೊಡುವವಳು ಬಸ್ಸೇ ಬೇಡ, ರೈಲಿಗೆ ಹೋಗಿ ಎಂದಳು. ಅವಳು ಹುಟ್ಟಿದ ಮೇಲೆ ರೈಲು ಹತ್ತಿರಲಿಲ್ಲ. ಏಳು ಗಂಟೆಯ ಬಸ್ಸು ಏಳೂವರೆಗೆ ಬಿಡುತ್ತದಂತೆ, ಏಳೂವರೆಯ ಬಸ್ಸು ಹೋದ ವರ್ಷವೇ ನಿಂತಿದೆಯಂತೆ. ಜಗಳೂರಿನಿಂದ ಅಕ್ಕ ಕಾರ್ಡು ಬರೆದಳು: ಕೊಟ್ಟೂರಿನಿಂದ ಬರುವ ಬಸ್ಸು ಒಂದುಂಟು, ಬಂದ ದಿನ ಬರುತ್ತದೆ. ಹಾಳೆಯ ಮೇಲೆ ಗೀಟು ಹಾಕಿ ಹಾಕಿ ಕೊನೆಗೆ ನಾನು ಎಲ್ಲಿಂದ ಹೊರಡುವವಳು ಎನ್ನುವುದೇ ನನಗೆ ತಿಳಿಯದಂತಾಯಿತು. ಬಸ್ಸು ಹೊರಡುವ ಊರಲ್ಲಾದರೆ ಕೂರಲು ಜಾಗ ಸಿಗುತ್ತದೆ ಎಂಬ ಒಂದೇ ಕಾರಣಕ್ಕೆ ಇಬ್ಬರೂ ದಾವಣಗೆರೆಯಲ್ಲಿ ಸೇರುವುದೆಂದು ಬರೆದು ಹಾಕಿದೆ.

ಇನ್ನು ಅತ್ತೆಗೆ ಹೇಳಬೇಕಿತ್ತು. ನಮ್ಮತ್ತೆ ಕೆಟ್ಟವರಲ್ಲ. ಅವರು ಕೇಳಿದ್ದು ಒಂದೇ ಮಾತು: "ಯಾರ ಮನೆಗೆ?"

ಯಾರ ಮನೆಗೂ ಅಲ್ಲ ಎಂದೆ. ಹಾಗಾದರೆ ಉಣ್ಣುವುದೆಲ್ಲಿ, ಮಲಗುವುದೆಲ್ಲಿ ಎಂದರು. ಹೋಟೆಲಿನಲ್ಲಿ, ಛತ್ರದಲ್ಲಿ ಎಂದೆ. ಪುಷ್ಯದಲ್ಲಿ ಯಾರು ಕರೆದಿದ್ದಾರೆ ಎಂದರು. ಯಾರೂ ಕರೆದಿಲ್ಲ ಎಂದೆ. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಬರೀ ಗಲಿಬಿಲಿ. ಅದನ್ನು ನೋಡಿ ನೋಡಿ ನನಗೂ ಗಲಿಬಿಲಿಯಾಯಿತು. ಯಾರೂ ಕರೆಯದೆ, ಯಾರ ಮನೆಗೂ ಅಲ್ಲದೆ ಇಬ್ಬರು ಹೆಂಗಸರು ಏಕೆ ಹೋಗುತ್ತಾರೆ? ನನ್ನ ಬಾಯಿಂದ ತಾನೇತಾನಾಗಿ ಮಾತು ಹೊರಬಿತ್ತು: ಅಕ್ಕನ ಕಣ್ಣು ಮಂಜಾಗುತ್ತಿದೆ, ಬೆಂಗಳೂರಿನಲ್ಲಿ ತೋರಿಸಬೇಕು. ಅತ್ತೆಯ ಮುಖ ತಟ್ಟನೆ ತಿಳಿಯಾಯಿತು. ಅದನ್ನು ಮೊದಲೇ ಹೇಳಬಾರದಿತ್ತೇ ಎಂದು ನನ್ನನ್ನೇ ಬೈದರು.

ಸುಳ್ಳು ಹೇಳಿದ್ದನ್ನು ಅಕ್ಕನಿಗೆ ತಿಳಿಸುವುದು ಹೇಗೆ? ಕಾರ್ಡು ಬರೆದರೆ ಪೋಸ್ಟ್‌ಮ್ಯಾನ್‌ನಿಂದ ಹಿಡಿದು ಅವಳ ಓರಗಿತ್ತಿಯವರೆಗೆ ಎಲ್ಲರೂ ಓದುತ್ತಾರೆ. ಅಂಟಿಸಿದ ಇನ್‌ಲ್ಯಾಂಡ್ ಲೆಟರು ಬಂದರೆ, ಅಂಥದ್ದೇನಿದೆ ಒಳಗೆ ಎಂದು ಅವಳ ಎದುರೇ ಒಡೆಸಿ ಓದಿಸುತ್ತಾರೆ. ದಾವಣಗೆರೆಯಲ್ಲಿ ಸಿಕ್ಕಾಗ ಹೇಳಿದರಾಯಿತು ಎಂದು ಸುಮ್ಮನಾದೆ. ಅತ್ತೆ ಸುಮ್ಮನಾಗಲಿಲ್ಲ. ಬೀಗರ ಹೆಣ್ಣುಮಗಳಿಗೆ ಕಣ್ಣು ಮಂಜಾದರೆ ಹೋಗಿ ಮಾತಾಡಿಸಿಕೊಂಡು ಬರಬೇಡವೇ? ಸೋಮವಾರ ಅಂಗಡಿಗೆ ರಜ. ಅವತ್ತು ಬೆಳಿಗ್ಗೆ ಅರ್ಧ ಡಜನ್ ಮೋಸಂಬಿ ಕೊಟ್ಟು ನಮ್ಮವರನ್ನು ಜಗಳೂರಿನ ದಾರಿ ಹಿಡಿಸಿದರು. ಬೇಡ ಎನ್ನಲು ನನ್ನ ಬಳಿ ಒಂದು ಕಾರಣವೂ ಇರಲಿಲ್ಲ.

ಅದೇ ಸೋಮವಾರ ಮಧ್ಯಾಹ್ನ ಅಕ್ಕನ ಗಂಡ, ನಮ್ಮ ಭಾವ, ಚನ್ನಗಿರಿಯಲ್ಲಿ ನಮ್ಮ ಮನೆ ಬಾಗಿಲಲ್ಲಿ ನಿಂತಿದ್ದರು. ಸೋಮವಾರ ಎತ್ತು ಹೂಡುವುದಿಲ್ಲವಲ್ಲ, ಅವರಿಗೂ ಅವತ್ತೇ ಬಿಡುವು. ಕೈಯಲ್ಲಿ ಅರ್ಧ ಡಜನ್ ಮೋಸಂಬಿ. ಜಗಲಿಯ ಮೇಲೆ ಕೂತವರು ನನ್ನನ್ನೇ ನೋಡಿದರು. ಮುಖದಲ್ಲಿ ಅಷ್ಟು ಮರುಕವನ್ನು ನಾನು ಹಿಂದೆಂದೂ ಕಂಡಿರಲಿಲ್ಲ.

"ಹೊಟ್ಟೆನೋವು ಹೆಂಗೈತವ್ವ?" ಎಂದು ಕೇಳಿದರು.

ನನಗೆ ಯಾವ ಹೊಟ್ಟೆನೋವೂ ಇರಲಿಲ್ಲ. ಅಷ್ಟರಲ್ಲಿ ಅತ್ತೆ ನೀರಿನ ಚೊಂಬು ಹಿಡಿದು ಬಂದು, ಹೊಟ್ಟೆ ಯಾರದು, ಕಣ್ಣಲ್ಲವೇ ಎಂದರು. ಭಾವನ ಮುಖ ಇನ್ನಷ್ಟು ಇಳಿದುಹೋಯಿತು.

"ಕಣ್ಣಿಗೂ ಬಂತಾ?" ಎಂದರು.

ಅಯ್ಯೋ, ಇವಳ ಕಣ್ಣಲ್ಲ, ನಿಮ್ಮ ಹೆಂಡತಿಯ ಕಣ್ಣು ಎಂದರು ಅತ್ತೆ. ನನ್ನ ಹೆಂಡತಿ ಮೊನ್ನೆ ಬುಡ್ಡಿ ಬೆಳಕಿನಲ್ಲಿ ಕೂತು ಅಕ್ಕಿಯ ಕಲ್ಲು ಆರಿಸಿದ್ದಾಳೆ, ಅವಳ ಕಣ್ಣಿಗೇನಾಗಿದೆ ಎಂದರು ಭಾವ. ಆಗ ನನಗೆ ಅರ್ಥವಾಯಿತು. ಜಗಳೂರಿನಲ್ಲೂ ಅಕ್ಕನಿಗೆ ಅದೇ ಪ್ರಶ್ನೆ ಬಿದ್ದಿತ್ತು, ಯಾರ ಮನೆಗೆ? ಅವಳು ಅಲ್ಲಿ ನನ್ನ ಹೊಟ್ಟೆಯ ಮೇಲೆ ಹಾಕಿದ್ದಳು. ನಾನು ಇಲ್ಲಿ ಅವಳ ಕಣ್ಣಿನ ಮೇಲೆ ಹಾಕಿದ್ದೆ. ಇನ್ನು ಮುಚ್ಚಿಟ್ಟು ಫಲವಿಲ್ಲವೆಂದು ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟೆ.

"ಯಾರಿಗೂ ಏನೂ ಆಗಿಲ್ಲ ಭಾವ. ಅಕ್ಕಗೆ ಸುಮ್ನೆ ಒಂದೂರಿಗೆ ಹೋಗಬೇಕು ಅಂತ ಐತೆ. ಅಷ್ಟೇ."

ಇಬ್ಬರೂ ನನ್ನ ಮುಖ ನೋಡಿದರು, ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬೈಗುಳಕ್ಕೆ ಸಿದ್ಧಳಾಗಿ ನಿಂತಿದ್ದೆ. ಬೈಗುಳ ಬರಲಿಲ್ಲ. ಅತ್ತೆ ನನ್ನ ಬೆನ್ನು ಸವರಿ, ಜ್ವರ ಬಂದವರ ಹತ್ತಿರ ಆಡುವ ಮೆತ್ತನೆ ದನಿಯಲ್ಲಿ, ಆಯಿತು ಬಿಡವ್ವ, ಒಳಗೆ ಹೋಗಿ ಮಲಗು ಎಂದರು. ನನ್ನ ಮಾತನ್ನು ಇಬ್ಬರೂ ನಂಬಿರಲಿಲ್ಲ.

ಭಾವ ಉಂಡು ಮೂರು ಗಂಟೆಯ ಬಸ್ಸಿಗೆ ಹೊರಟರು. ಜಗಳೂರಿನಿಂದ ವಾಪಸ್ಸು ಬರುತ್ತಿದ್ದ ನಮ್ಮವರು ಅವರಿಗೆ ದಾವಣಗೆರೆ ಬಸ್ ಸ್ಟ್ಯಾಂಡಿನಲ್ಲಿ ಎದುರಾದರಂತೆ. ಅಲ್ಲಿ ಏನು ಮಾತಾಯಿತು ಎನ್ನುವುದನ್ನು ಇಬ್ಬರ ಬಾಯಲ್ಲೂ ಕೇಳಿದ್ದೇನೆ, ಒಂದಕ್ಕೊಂದು ಹೊಂದುವುದಿಲ್ಲ. ಒಬ್ಬರು ದೋಸೆ ತಿಂದೆವು ಎನ್ನುತ್ತಿದ್ದರು, ಇನ್ನೊಬ್ಬರು ಬರೀ ಚಾ ಎನ್ನುತ್ತಿದ್ದರು. ಅಂತೂ ಇಬ್ಬರು ಗಂಡಸರೂ ಕೂತು ಒಂದು ತೀರ್ಮಾನಕ್ಕೆ ಬಂದರು: ಇದು ಕಣ್ಣಿನದೂ ಅಲ್ಲ, ಹೊಟ್ಟೆಯದೂ ಅಲ್ಲ, ಗಂಡಸರ ಮುಂದೆ ಹೇಳಿಕೊಳ್ಳಲಾಗದ ಏನೋ ಹೆಂಗಸರ ಕಾಯಿಲೆ. ಇಬ್ಬರಲ್ಲಿ ಯಾರಿಗೋ ಬಂದಿದೆ. ಕೆದಕಬಾರದು, ಕಳಿಸಿಬಿಡಬೇಕು.

ನಮ್ಮವರು ಮನೆಗೆ ಬಂದವರು ನನ್ನ ಕಣ್ಣು ತಪ್ಪಿಸಿ ಹೇಳಿದರು: "ಮುಂದಿನ ಸೋಮವಾರ ಇಬ್ರೂ ಹೋಗಿ ಬರ್ರಿ. ಏನು ಅಂತ ನಾನು ಕೇಳಲ್ಲ."

ಏನೂ ಇಲ್ಲರೀ ಎಂದೆ. ಆಯಿತು, ಏನೂ ಇಲ್ಲ ಎಂದರು. ಆ ವಾರವಿಡೀ ನನ್ನನ್ನು ನೀರು ಸೇದಲು ಬಾವಿಯ ಹತ್ತಿರ ಬಿಡಲಿಲ್ಲ, ದಿನಾ ಒಂದು ಲೋಟ ಬಿಸಿ ಹಾಲು. ನನಗೆ ಸಿಟ್ಟು ಬರುತ್ತಿತ್ತು, ಹಾಲು ಮಾತ್ರ ಕುಡಿಯುತ್ತಿದ್ದೆ. ಹಾಲು ಕುಡಿಯುತ್ತ ಕುಡಿಯುತ್ತ ಒಂದು ಹೊಸ ಹೆದರಿಕೆ ಹುಟ್ಟಿತು. ಭಾವನಂಥ ಭಾವ ಅಷ್ಟು ಗಂಭೀರವಾಗಿ ಒಪ್ಪಿಕೊಂಡಿದ್ದಾರೆಂದರೆ, ಅಕ್ಕನಿಗೆ ನಿಜವಾಗಿಯೂ ಏನಾದರೂ ಇದ್ದೀತೇ? ಕೊಂಬೆ ಮುಟ್ಟುವ ಆಸೆ ನಲವತ್ತೆರಡಕ್ಕೆ ಯಾಕೆ ಹುಟ್ಟಿತು?

ಸೋಮವಾರ ಅಕ್ಕ ನನಗಿಂತ ಮೊದಲೇ ದಾವಣಗೆರೆಗೆ ಬಂದು, ತಲೆತುಂಬ ಶಾಲು ಸುತ್ತಿಕೊಂಡು ಕಂಬದ ಹತ್ತಿರ ನಿಂತಿದ್ದಳು. ಬೆಂಗಳೂರು ಬಸ್ಸಿನಲ್ಲಿ ಜಾಗ ಸಿಕ್ಕಿತು. ದುರ್ಗ ದಾಟುವವರೆಗೂ ನಾನು ಓರೆಗಣ್ಣಿನಿಂದ ಅವಳ ಕಣ್ಣು ನೋಡುತ್ತಿದ್ದೆ, ಅವಳು ನನ್ನ ಹೊಟ್ಟೆ ನೋಡುತ್ತಿದ್ದಳು.

"ಖರೇ ಹೇಳು," ಎಂದಳು ಕೊನೆಗೆ. "ನಿಂಗೇನಾರ ಆಗೈತಾ?"

"ನಿಂಗೆ?"

"ನಂಗೇನಾಗಾಕೆ?"

ನಾವು ನಕ್ಕಿದ್ದಕ್ಕೆ ಮುಂದಿನ ಸೀಟಿನವರು ಎರಡು ಸಾರಿ ತಿರುಗಿ ನೋಡಿದರು. ನಕ್ಕು ಮುಗಿದ ಮೇಲೂ ನನ್ನ ಅನುಮಾನ ಪೂರ್ತಿ ಹೋಗಲಿಲ್ಲ, ಅವಳದೂ ಹೋಗಿರಲಿಕ್ಕಿಲ್ಲ.

ಬೆಂಗಳೂರಿನ ಛತ್ರದಲ್ಲಿ ಅವಳು ಸೋಪು ತೆಗೆಯಲೆಂದು ಚೀಲ ಬಿಚ್ಚಿದಾಗ ಒಳಗೆ ಹಸಿರು ಕುಬುಸದ ಬಟ್ಟೆ ಕಂಡಿತು, ಕೆಂಪು ಅಂಚಿನದು. ಇಷ್ಟೆಲ್ಲ ಮಾಡಿ ಕಡೆಗೂ ಕುಬುಸ ಬಂದೇಬಿಟ್ಟಿತಲ್ಲ ಎಂದು ರೇಗಿದೆ. ಜಗಳೂರಿನ ತನ್ನ ಅತ್ತೆ ಇಟ್ಟರು, ಹೋದಮೇಲೆ ಯಾರ ಮನೆಗಾದರೂ ಹೋಗಿಯೇ ಹೋಗುತ್ತೀರಿ ಎಂದರು ಎಂದು ಹೇಳಿ ಅಕ್ಕ ಅದನ್ನು ಸೀರೆಯಡಿ ಸೇರಿಸಿದಳು. ಬಿಡು, ಭಾರವೇನಿಲ್ಲ ಎಂದಳು.

ಮರುದಿನ ಬೆಳಿಗ್ಗೆ ಮೆಜೆಸ್ಟಿಕ್‌ನಲ್ಲಿ ಮಾಳಿಗೆ ಬಸ್ಸು ಸಿಕ್ಕಿತು. ಅಕ್ಕ ಸೀರೆ ಎತ್ತಿ ಹಿಡಿದು, ಹುಡುಗಿಯ ಹಾಗೆ ಮೆಟ್ಟಿಲು ಹತ್ತಿ, ಎಲ್ಲಕ್ಕಿಂತ ಮುಂದಿನ ಸೀಟಿನಲ್ಲಿ ಕೂತಳು. ಕಂಡಕ್ಟರ್ ಮೇಲೆ ಬಂದ. ಇದು ಎಲ್ಲಿಗೆ ಹೋಗುತ್ತದಪ್ಪ ಎಂದು ಅಕ್ಕ ಕೇಳಿದಳು.

"ನೀವು ಎಲ್ಲಿಗೆ ಹೋಗಬೇಕಮ್ಮಾ, ಅದು ಹೇಳಿ," ಎಂದ.

ಅವಳು ಗಾಬರಿಯಾಗಿ ನನ್ನ ಕಡೆ ತಿರುಗಿದಳು. ನೀನು ಎಲ್ಲಿಗೆ ಹೋಗಬೇಕು ಎಂದು ಅಲ್ಲಿಯವರೆಗೆ ಅವಳನ್ನು ಯಾರೂ ಕೇಳಿರಲಿಲ್ಲ ಎನ್ನುವುದು ನನಗೆ ಆ ಗಳಿಗೆಯಲ್ಲಿ ಹೊಳೆಯಿತು. ಕಬ್ಬನ್ ಪಾರ್ಕು, ವಿಧಾನಸೌಧ ಎಂದೆಲ್ಲ ನಾನು ಹಾಳೆಯಲ್ಲಿ ಬರೆದುಕೊಂಡದ್ದು ಛತ್ರದಲ್ಲೇ ಉಳಿದಿತ್ತು.

"ಎಲ್ಲೀತನಕ ಹೋಗತೈತೋ ಅಲ್ಲೀತನಕ ಕೊಡು," ಎಂದಳು ಅಕ್ಕ.

ಹೋದೆವು, ಇಳಿದು ಅಂಥದೇ ಇನ್ನೊಂದು ಬಸ್ಸು ಹತ್ತಿ ವಾಪಸ್ಸು ಬಂದೆವು, ಮತ್ತೆ ಹೋದೆವು. ಯಾವ ಯಾವ ಬೀದಿಗಳನ್ನು ನೋಡಿದೆವೋ ನನಗೆ ಗೊತ್ತಿಲ್ಲ. ಕೊಂಬೆಗಳು ಗಾಜನ್ನು ಸವರಿ ಹೋದವು, ಕೈಗೆ ಸಿಗಲಿಲ್ಲ. ಅಕ್ಕನ ಕಣ್ಣಲ್ಲಿ ನೀರಿತ್ತು. ಚಳಿಗಾಳಿಗೋ, ಇನ್ನೇತಕ್ಕೋ, ಕೇಳುವ ಧೈರ್ಯ ನನಗಾಗಲಿಲ್ಲ. ಕಣ್ಣಿನ ವಿಷಯ ನಾನೇ ಸಾಕಷ್ಟು ಕೆಡಿಸಿದ್ದೆ.

ಊರಿಗೆ ಬಂದಮೇಲೆ ಅತ್ತೆ ದನಿ ತಗ್ಗಿಸಿ ಎಲ್ಲ ಸರಿಯಾಗಿದೆಯಂತಾ ಎಂದು ಕೇಳಿದರು. ಸರಿಯಾಗಿದೆ ಅತ್ತೆ ಎಂದೆ.

ಯುಗಾದಿ ಕಳೆದ ಮೇಲೆ ಹೊನ್ನಾಳಿಯಲ್ಲಿ ಒಂದು ಮದುವೆ. ಅಲ್ಲಿ ಅಕ್ಕ ಸಿಕ್ಕಳು. ಕುಬುಸದ ಬಟ್ಟೆಗಳು ಎಂದಿನಂತೆ ಕೈಯಿಂದ ಕೈಗೆ ಓಡಾಡುತ್ತಿದ್ದವು. ಅವಳು ತೊಟ್ಟಿದ್ದು ಅದೇ ಹಸಿರು ಬಟ್ಟೆಯ ಕುಬುಸ, ತೋಳಿಗೆ ಕೆಂಪು ಅಂಚು. ನಮ್ಮ ದೊಡ್ಡಮ್ಮ ಅದನ್ನು ಬೆರಳಿನಲ್ಲಿ ಮುಟ್ಟಿ ನೋಡಿ, ಚೆನ್ನಾಗಿದೆ, ಎಲ್ಲಿಯದು ಎಂದರು. ಬೆಂಗಳೂರಿಗೆ ಹೋಗಿದ್ದೆ, ಅಲ್ಲಿಂದ ತಂದದ್ದು ಎಂದಳು ಅಕ್ಕ.

"ಯಾರ ಮನೆಯಾಗೆ ಕೊಟ್ರು?"

"ಯಾರ ಮನೆಯಾಗೂ ಅಲ್ಲ ದೊಡ್ಡವ್ವ."

ದೊಡ್ಡಮ್ಮ ಏನೂ ಅರ್ಥವಾಗದೆ ನನ್ನ ಕಡೆ ನೋಡಿದರು. ನಾನು ಅಕ್ಕನ ತೋಳಿನ ಹೊಲಿಗೆ ನೋಡುತ್ತಿದ್ದೆ. ಅಳತೆ ಸರಿಯಾಗಿ ಕೂತಿತ್ತು.